ನಾಲ್ಕು ಅಂಗಿ ತೊಟ್ಟ ಗಿಟಾರು

ಎಲ್ಲಾ ಶುರುವಾದದ್ದು ಒಂದು ಉಗುರಿನಿಂದ.

ಅರ್ಧಣ್ಣ ಬೆಳಿಗ್ಗೆ ಎದ್ದವನೇ ಮುಖ ಕೂಡ ತೊಳೆಯದೆ, ಹಿಂದಿನ ದಿನ ಗುಜರಿ ಅಂಗಡಿಯಿಂದ ಮಗುವಿನ ಹಾಗೆ ಎತ್ತಿಕೊಂಡು ಬಂದಿದ್ದ ಕಪ್ಪು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಮೂಲೆಯಲ್ಲಿ ಹೆಬ್ಬೆರಳಿನ ಉಗುರಿನಿಂದ ಕೆರೆದ. ಕಪ್ಪಿನ ಕೆಳಗೆ ಕೆಂಪು ಇಣುಕಿತು. ಇನ್ನೊಂದಿಷ್ಟು ಕೆರೆದ. ಕೆಂಪಿನ ಕೆಳಗೆ ಕೆನೆ ಬಣ್ಣ. ಇನ್ನೂ ಕೆರೆದ. ಉಗುರು ಮುರಿಯಿತು.

"ಏನೋ ಅದು, ಇಲಿ ಕೆರೆದಂಗೆ?" ಒಳಗಿನಿಂದ ಅಮ್ಮ ಕೂಗಿದಳು.

ಜಗುಲಿಯ ಕುರ್ಚಿಯಲ್ಲಿ ಪೇಪರಿನ ಹಿಂದೆ ಕೂತಿದ್ದ ಅಪ್ಪ, ಪೇಪರು ಇಳಿಸದೆಯೇ ಹೇಳಿದ: "ಆಚೆ ಹಾಕೋ ಅದನ್ನ." ಗಿಟಾರಿನ ವಿಷಯದಲ್ಲಿ ಅಪ್ಪ ಆಡುವ ಮಾತು ಇದೊಂದೇ. ಮಗ ತಂತಿ ಮುಟ್ಟಿದರೆ ಸಾಕು, ಚಪ್ಪಲಿ ಮೆಟ್ಟಿ ವಾಕಿಂಗಿಗೆ ಹೊರಟುಬಿಡುತ್ತಿದ್ದ.

ಅರ್ಧಣ್ಣನಿಗೆ ಐವತ್ತು ವರ್ಷ. ಆರ್ಕೆಸ್ಟ್ರಾದಲ್ಲಿ ಮೂವತ್ತು ವರ್ಷದಿಂದ ಗಿಟಾರು ಬಾರಿಸುತ್ತಿದ್ದ. ಕಂಡವರ ಮದುವೆಯಲ್ಲಿ ಬಾರಿಸಿ ಬಾರಿಸಿ ತನ್ನದನ್ನು ಮರೆತೇಬಿಟ್ಟಿದ್ದ. ಕಾರ್ಯಕ್ರಮ ಮುಗಿದು ಎಲ್ಲರೂ ವೈರು ಸುತ್ತುವಾಗ ಇವನು ಮಾತ್ರ ಒಂದು ರಾಗ ಬಾರಿಸುತ್ತಿದ್ದ. ಅದು ಅರ್ಧಕ್ಕೇ ನಿಂತುಬಿಡುತ್ತಿತ್ತು. ದಿನವೂ ಅರ್ಧ. ಅದಕ್ಕೇ ಆ ಹೆಸರು.

ಮಿಕ್ಕರ್ಧ ಅವನಿಗೆ ಗೊತ್ತಿರಲಿಲ್ಲ. ಹತ್ತು ವರ್ಷದ ಹುಡುಗನಾಗಿದ್ದಾಗ ಎದುರು ಮನೆಯ ಮಹಡಿಯಿಂದ ಸಂಜೆಗೊಮ್ಮೆ ಗಿಟಾರು ಕೇಳುತ್ತಿತ್ತು. ಹೊಳೆ ದಾಟುವ ಹುಡುಗಿ ಲಂಗ ಎತ್ತಿ ಹಿಡಿದು ಒಂದೊಂದೇ ಕಲ್ಲು ಹುಡುಕಿ ಕಾಲಿಟ್ಟ ಹಾಗೆ ಆ ರಾಗ ಹೊರಡುತ್ತಿತ್ತು. ಅವಳು ನಡುಹೊಳೆಗೆ ಬರುವ ಹೊತ್ತಿಗೆ ಸರಿಯಾಗಿ ಅಮ್ಮನ ಕೈ ಬಂದು ಇವನ ಕಿವಿ ಹಿಡಿದು ಪುಸ್ತಕದ ಮುಂದೆ ಕೂರಿಸುತ್ತಿತ್ತು. ಎರಡು ವರ್ಷ ಹೀಗೇ ನಡೆದು, ಒಂದು ದಿನ ಗಿಟಾರು ನಿಂತೇ ಹೋಯಿತು. ನಲವತ್ತು ವರ್ಷದಿಂದ ಆ ಹುಡುಗಿ ನಡುಹೊಳೆಯಲ್ಲೇ ನಿಂತಿದ್ದಾಳೆ. ಅತ್ತ ದಡವೂ ಇಲ್ಲ, ಇತ್ತ ದಡವೂ ಇಲ್ಲ.

ಬಾರಿಸುತ್ತಿದ್ದವಳು ಮನೆಯ ಓನರನ ಮಗಳು ಎಂದು ಬೀದಿ ಹುಡುಗರಿಗೆಲ್ಲಾ ನಂಬಿಕೆ. ಅವಳನ್ನು ಮಹಡಿ ಅಕ್ಕ ಅನ್ನುತ್ತಿದ್ದರು. ಅವಳು ಬಾರಿಸಿದ್ದನ್ನು ಕಂಡವರಿಲ್ಲ. ಆದರೆ ಕಿಟಕಿಯ ಪಕ್ಕ ಗೋಡೆಗೆ ನೇತುಬಿಟ್ಟ ಗಿಟಾರನ್ನು ಅರ್ಧಣ್ಣ ಕಣ್ಣಾರೆ ಕಂಡಿದ್ದ. ಬೆಳ್ಳಿ ಬಣ್ಣ. ಕತ್ತಿನ ಪಕ್ಕ ಚಾಚಿದ ಮೇಲಿನ ಕೊಂಬು ಮುರಿದು, ಅದಕ್ಕೊಂದು ಮರದ ತುಂಡು ಅಂಟಿಸಿತ್ತು. ಗುಜರಿ ಅಂಗಡಿಯ ಗಿಟಾರಿಗೂ ಅದೇ ಕೊಂಬು, ಅದೇ ತುಂಡು. ಬಣ್ಣ ಮಾತ್ರ ಬೇರೆ.

"ತಳದಲ್ಲಿ ಬೆಳ್ಳಿ ಬಣ್ಣ ಇದ್ರೆ ಅದೇ ಗಿಟಾರು," ಅಂದುಕೊಂಡ ಅರ್ಧಣ್ಣ. "ಬಣ್ಣ ಹೊಡ್ದ ಒಬ್ಬೊಬ್ಬರನ್ನೇ ಹಿಡ್ಕೊಂಡು ಹೋದ್ರೆ ಮಹಡಿ ಅಕ್ಕ ಸಿಗ್ತಾಳೆ. ಮಿಕ್ಕರ್ಧ ಇವತ್ತೇ ಕೇಳಿಬಿಡ್ತೀನಿ."

ಗಿಟಾರನ್ನು ಕಂಕುಳಲ್ಲಿ ಅವುಚಿಕೊಂಡು ಬೀದಿ ತುದಿಯ ಪಾಲಿಶ್ ಮಾಮನ ಅಂಗಡಿಗೆ ಓಡಿದ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಆ ಊರಲ್ಲಿ ಬಣ್ಣವನ್ನು ಯಾರೂ ಕೊಂಡು ಹೊಡೆಯುತ್ತಿರಲಿಲ್ಲ. ಯಾರ್ಯಾರಿಗೆ ಯಾವ ಕೆಲಸವೋ, ಅಲ್ಲಿ ಡಬ್ಬಿಯ ತಳದಲ್ಲಿ ಉಳಿದದ್ದು ಅವರವರ ಮನೆಗೆ ಬರುತ್ತಿತ್ತು. ಬಸ್ ಡಿಪೋದವನ ಬಾಗಿಲು ಹಸಿರು, ರೈಲಿನವನ ಮಂಚ ಕಂದು, ನೀರಿನ ಆಫೀಸಿನವನ ಮಗುವಿನ ತೊಟ್ಟಿಲೂ ನೀಲಿ. ಪಾಲಿಶ್ ಮಾಮ ನಲವತ್ತು ವರ್ಷ ಇಂಥವನ್ನೆಲ್ಲ ಉಜ್ಜಿ, ಅನ್ನಕ್ಕಿಂತ ಹೆಚ್ಚು ಬಣ್ಣದ ಪುಡಿಯನ್ನೇ ತಿಂದವನು. ಚೂರು ಬಣ್ಣ ನಾಲಿಗೆಗಿಟ್ಟರೆ ಯಾವ ಆಫೀಸಿನದು ಎಂದು ಹೇಳಿಬಿಡುತ್ತಿದ್ದ. ಒಮ್ಮೆ ಹೆಣ್ಣು ನೋಡಲು ಬಂದ ಗಂಡಿನ ಸ್ಕೂಟರು ನೆಕ್ಕಿ, "ಹುಡುಗನ ಕೆಲ್ಸ ಪರ್ಮನೆಂಟ್ ಅಲ್ಲ, ಬಣ್ಣಕ್ಕೆ ತಿನ್ನರ್ ಜಾಸ್ತಿ ಬಿದ್ದಿದೆ" ಅಂದಿದ್ದನಂತೆ. ಅದು ನಿಜವೂ ಆಯಿತಂತೆ.

ಪಾಲಿಶ್ ಮಾಮ ಗಿಟಾರಿನ ತಂತಿ ಬಿಚ್ಚಿ, ಸ್ಕ್ರೂ ತೆಗೆದು, ಕತ್ತು ಬೇರೆ ಮೈ ಬೇರೆ ಮಾಡಿ ಹಲಗೆಯ ಮೇಲೆ ಮಲಗಿಸಿದ. ಬಣ್ಣ ಕೀಳುವ ಎಣ್ಣೆಯನ್ನು ಬ್ರಷ್‌ನಿಂದ ಬಳಿದ. ಕಪ್ಪು ಬಣ್ಣ ಕಾದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಮೇಲೆದ್ದಿತು. ಚಪ್ಪಟೆ ತಗಡಿನಿಂದ ಒಂದು ಎಳೆ ಎತ್ತಿ, ಬಟ್ಟೆಗೆ ಒರೆಸಿ, ನಾಲಿಗೆಗಿಟ್ಟ.

"ಬ್ಲ್ಯಾಕ್‌ಬೋರ್ಡು," ಅಂದ. "ಸರ್ಕಾರಿ ಸ್ಕೂಲು. ಸೀಮೆಸುಣ್ಣದ ರುಚಿ ಇನ್ನೂ ಹೋಗಿಲ್ಲ."

ಸ್ಕೂಲಿನ ಮೈದಾನದಲ್ಲಿ ಡ್ರಿಲ್ ಮೇಷ್ಟ್ರು ಮಕ್ಕಳನ್ನು ಬಿಸಿಲಿಗೆ ನಿಲ್ಲಿಸಿ ತಾವು ನೆರಳಲ್ಲಿ ನಿಂತಿದ್ದರು. ಅರ್ಧಣ್ಣ ಕೊಂಬು ಮುರಿದ ಗಿಟಾರಿನ ವಿಷಯ ಕೇಳಿದ್ದೇ ತಡ, ಅವರ ಬಾಯಿಂದ ಸೀಟಿ ಬಿದ್ದೇ ಹೋಯಿತು.

"ಕೊಂಬು ಮುರಿದಿದ್ದಾ? ಅಯ್ಯೋ, ಅದು ನಂದೇ ಕಣ್ರೀ! ಕಪ್ಪು ಹೊಡ್ದಿದ್ದೇ ನಾನು. ತಪ್ಪಾಗಿದ್ದೂ ಅಲ್ಲೇ. ಮನೇಲಿ ಮಕ್ಳು ಅದ್ರ ಮೇಲೇ ಲೆಕ್ಕ ಬರೆಯೋಕೆ ಶುರು ಮಾಡಿದ್ರು."

"ನೀವು ಬಾರಿಸ್ತಿದ್ರಾ ಮೇಷ್ಟ್ರೇ?"

"ನಂಗೆ ಬರೋದು ಸೀಟಿ ಒಂದೇ. ಕಲೀಬೇಕು ಅಂತ ಆಸೆ ಇತ್ತು. ದಿನಾ ಒರೆಸಿಡ್ತಿದ್ದೆ, ನಾಳೆ ಕಲಿಯೋಣ ಅಂತ. ಹದಿನೆಂಟು ವರ್ಷ ಒರೆಸಿದೆ. ಹೋದ ತಿಂಗಳು ಹೆಂಡ್ತಿ ಗುಜರಿಗೆ ಹಾಕಿಬಿಟ್ಳು." ಮೇಷ್ಟ್ರು ಬಿದ್ದ ಸೀಟಿ ಎತ್ತಿಕೊಂಡು ಒರೆಸಿದರು. "ಒಂದ್ ಸಲ ಬಂದು ಮುಟ್ಟಿ ನೋಡ್ಲಾ?"

"ನಿಮಗೆ ಯಾರು ಕೊಟ್ರು?"

"ನಮ್ ಭಾವ. ಫೈರ್ ಇಂಜಿನ್ ಡ್ರೈವರು. ಅವನ ಹತ್ರ ಇದ್ದಾಗ ಕೆಂಪಿತ್ತು."

ಮೇಷ್ಟ್ರು ಮಕ್ಕಳಿಗೆ "ವಿಶ್ರಾಮ್" ಹೇಳಿ ಅಂಗಡಿಗೆ ಬಂದೇಬಿಟ್ಟರು. ಅಲ್ಲಿ ಕೆಂಪು ತೆಗೆಯುವ ಕೆಲಸ ನಡೆದಿತ್ತು. ಅರ್ಧಣ್ಣನಿಗೆ ತಡೆಯಲಾಗಲಿಲ್ಲ. ಪಾಲಿಶ್ ಪೇಪರು ಕಿತ್ತುಕೊಂಡು ತಾನೇ ಉಜ್ಜತೊಡಗಿದ. ಕೆಂಪು ಪುಡಿ ತಲೆಗೆ, ಮೀಸೆಗೆ, ಅಂಗಿಗೆಲ್ಲ ಮೆತ್ತಿಕೊಂಡಿತು. ಸಾಲದ್ದಕ್ಕೆ ಅವಸರದಲ್ಲಿ ಮೊಣಕೈ ತಾಗಿ ತಿನ್ನರ್ ಡಬ್ಬಿ ಮೈಮೇಲೆಯೇ ಉರುಳಿತು.

"ಬಟ್ಟೆ ಬದ್ಲಾಯ್ಸಿ ಹೋಗೋ ಮಾರಾಯ!" ಎಂದು ಪಾಲಿಶ್ ಮಾಮ ಕೂಗಿದ. ಅರ್ಧಣ್ಣ ಆಗಲೇ ಫೈರ್ ಸ್ಟೇಷನ್ನಿನ ಕಡೆ ಓಡುತ್ತಿದ್ದ.

ಫೈರ್ ಸ್ಟೇಷನ್ನಿನಲ್ಲಿ ಆರು ತಿಂಗಳಿಂದ ಬೆಂಕಿಯ ಸುದ್ದಿಯೇ ಇರಲಿಲ್ಲ. ಎಲ್ಲರೂ ಬಿಟ್ಟ ಬಾಯಿ ಮುಚ್ಚದೆ ಆಕಳಿಸುತ್ತಿದ್ದರು. ತಿನ್ನರ್ ವಾಸನೆ ಹೊಡೆಯುತ್ತಾ, ಉಸಿರುಗಟ್ಟಿ, "ಅಣ್ಣಾ... ಅಣ್ಣಾ... ನಿಮ್ಮಿಂದ್ಲೇ ಆಗ್ಬೇಕು!" ಎಂದು ಒಬ್ಬ ಒಳಗೆ ನುಗ್ಗಿದರೆ ಅವರಾದರೂ ಏನು ತಿಳಿಯಬೇಕು?

"ಮೈಮೇಲೆ ಸುರ್ಕೊಂಡ್ ಬಂದಿದ್ದಾನೆ! ಬಿಡಿ ನೀರು!" ಎಂದು ಡ್ರೈವರು ಕಿರುಚಿದ.

ಆನೆಗೆ ಸ್ನಾನ ಮಾಡಿಸುವಷ್ಟು ನೀರು ಒಟ್ಟಿಗೇ ಬಂದು ಅರ್ಧಣ್ಣನನ್ನು ಎತ್ತಿ ಗೋಡೆಗೆ ಅಂಟಿಸಿತು. ಅಂಟಿಕೊಂಡೇ ಅವನು ವಿಷಯ ಹೇಳಿದ. ನೀರು ನಿಂತಿತು. ಡ್ರೈವರನ ಮುಖ ಮೆತ್ತಗಾಯಿತು.

"ಆ ಗಿಟಾರಾ? ಇದೆಯಾ ಇನ್ನೂ? ನಮ್ ಇಂಜಿನ್ನಿನ ಕೆಂಪು ಅದು. ಬೆಂಕಿ ನಂದಿಸಿ ಬಂದು ಸುಮ್ನೆ ಮಡಿಲಲ್ಲಿಟ್ಕೊಂಡು ಕೂತ್ಕೋತಿದ್ದೆ. ಬಾರಿಸೋಕೆ ಬರಲ್ಲ. ಹಿಂಗೆ ತಟ್ತಿದ್ದೆ, ಮಗೂಗೆ ತಟ್ಟಿದಂಗೆ. ಮೈದುನ ಕೇಳ್ದ, ಕೊಟ್ಬಿಟ್ಟೆ. ಅವತ್ತಿಂದ ನಿದ್ದೆನೇ ಸರಿಯಿಲ್ಲ."

"ನಿಮಗೆಲ್ಲಿಂದ ಬಂತಣ್ಣಾ?"

"ಆಸ್ಪತ್ರೆಯಿಂದ. ಕಾಲು ಮುರಿದಾಗ ಎರಡು ತಿಂಗಳು ಕಾಲು ಮೇಲಕ್ಕೆ ಕಟ್ಟಿ ಮಲಗಿಸಿದ್ರಲ್ಲ, ಆಗ ಒಬ್ರು ನರ್ಸಮ್ಮ ಬೇಜಾರು ಕಳೀಲಿ ಅಂತ ಕೊಟ್ರು. ಈಗ ಅವ್ರೇ ಅಲ್ಲಿ ದೊಡ್ಡ ನರ್ಸು."

ಅರ್ಧಣ್ಣ ಆಸ್ಪತ್ರೆಯ ಕಡೆ ಓಡಿದ. ಓಡುತ್ತಾ ಓಡುತ್ತಾ ತಲೆಯ ಕೆಂಪು ಪುಡಿ ನೀರಿನೊಂದಿಗೆ ಕಲೆತು ಹಣೆಯ ಮೇಲೆ, ಕೆನ್ನೆಯ ಮೇಲೆ, ಕುತ್ತಿಗೆಯ ಮೇಲೆ ಧಾರೆಯಾಗಿ ಇಳಿಯಿತು. ಆಸ್ಪತ್ರೆಯ ಬಾಗಿಲಲ್ಲಿ ಕಾಲಿಟ್ಟದ್ದೇ ತಡ, ಮುದುಕಿಯೊಬ್ಬಳು ಚೀರಿದಳು. ಇಬ್ಬರು ಬಂದು ಅವನನ್ನು ಮಡಚಿ ಸ್ಟ್ರೆಚರಿಗೆ ಹಾಕಿದರು.

"ನಂಗೇನೂ ಆಗಿಲ್ಲ! ನಾನು ಗಿಟಾರ್ ವಿಷ್ಯಕ್ಕೆ ಬಂದಿದ್ದು!"

"ಆಯ್ತಪ್ಪ ಆಯ್ತು, ಗಿಟಾರ್ ಕೊಡಿಸ್ತೀವಿ," ಎಂದು ಒಬ್ಬ ಸಮಾಧಾನ ಮಾಡಿದ. ಇನ್ನೊಬ್ಬನಿಗೆ, "ಪೆಟ್ಟು ಒಳಗೂ ಇಳಿದಿದೆ," ಅಂದ.

ದೊಡ್ಡ ನರ್ಸು ಬರುವಷ್ಟರಲ್ಲಿ ತಲೆಗೆ ಕುಂಬಳಕಾಯಿ ಗಾತ್ರದ ಬ್ಯಾಂಡೇಜು, ಸೊಂಟಕ್ಕೊಂದು ಇಂಜೆಕ್ಷನ್ನು ಎರಡೂ ಆಗಿತ್ತು. ಆಕೆ ಬಗ್ಗಿ ಕಣ್ಣಿನ ರೆಪ್ಪೆ ಎತ್ತಿ ನೋಡಿದಳು. ಅರ್ಧಣ್ಣನೂ ನೋಡಿದ. ಕೂದಲು ನೆರೆತಿತ್ತು. ಕಣ್ಣು ಮಾತ್ರ ಅದೇ.

"ಮಹಡಿ ಅಕ್ಕಾ!" ಅಂದ.

ಆಕೆಯ ಕೈ ಅಲ್ಲೇ ನಿಂತಿತು. "ನನ್ನ ಹಾಗೆ ಕರೆಯೋರು ನಮ್ ಬೀದಿ ಹುಡುಗ್ರು ಮಾತ್ರ. ಯಾರೋ ನೀನು? ಎದುರು ಮನೆಯವನಾ? ದಿನಾ ಕಿಟಕಿ ಕೆಳಗೆ ಕೊಕ್ಕರೆ ಹಾಗೆ ನಿಂತಿರ್ತಿದ್ಯಲ್ಲ?"

ಅರ್ಧಣ್ಣನ ಕಣ್ಣಲ್ಲಿ ನೀರು ಬಂತು. "ಅಕ್ಕಾ, ನೀವು ಬಾರಿಸ್ತಿದ್ದ ರಾಗದ ಮಿಕ್ಕರ್ಧ ಬೇಕು ನಂಗೆ. ನಲವತ್ತು ವರ್ಷದಿಂದ ಹುಡುಕ್ತಿದ್ದೀನಿ."

"ನಾನಾ? ಬಾರಿಸೋದಾ?" ಅಕ್ಕ ನಕ್ಕಳು. "ನಂಗೆ ಆಸ್ಪತ್ರೆ ಬೆಲ್ಲೂ ನೆಟ್ಟಗೆ ಬಾರಿಸೋಕೆ ಬರಲ್ಲ ಕಣೋ. ಮಹಡಿ ರೂಮನ್ನ ನಮ್ಮಪ್ಪ ಯಾರಿಗೋ ದಿನಾ ಸಂಜೆ ಒಂದು ಗಂಟೆಗೆ ಅಂತ ಬಿಟ್ಟಿದ್ರು. ಹಿತ್ತಲ ಮೆಟ್ಲಿಂದ, ತಲೆ ಮೇಲೆ ಟವಲ್ ಹಾಕ್ಕೊಂಡು ಬರೋರು. ನಾನು ಅರ್ಧ ಮೆಟ್ಲಲ್ಲಿ ಕೂತ್ಕೊಂಡು ಕದ್ದು ಕೇಳ್ತಿದ್ದೆ. ಆಮೇಲೆ ಒಂದಿನ ಅವ್ರು ಬರ್ಲಿಲ್ಲ. ಗಿಟಾರು ಅಲ್ಲೇ ಉಳೀತು. ನಾನು ಕೆಲ್ಸಕ್ಕೆ ಸೇರಿದ್ಮೇಲೆ ಅದಕ್ಕೆ ವಾರ್ಡಿನ ಕೆನೆ ಬಣ್ಣ ಹೊಡ್ದೆ."

"ಯಾರದು ಅಂತ ನಿಮ್ಮಪ್ಪ ಹೇಳ್ಲಿಲ್ವಾ?"

"ಮಾತು ಕೊಟ್ಟಿದ್ದೀನಿ ಅಂತಿದ್ರು. ಮಾತು ಉಳಿಸ್ಕೊಂಡೇ ಹೋಗಿಬಿಟ್ರು."

"ಅಕ್ಕಾ, ನೀವು ಕೊನೆ ತನಕ ಕೇಳಿದೀರಾ?"

"ದಿನಾ ಕೇಳ್ತಿದ್ದೆ." ಅಕ್ಕನ ದನಿ ಇಳಿಯಿತು. "ಕೊನೇ ಭಾಗಾನೇ ಚೆಂದ. ಅದನ್ನ ಕೇಳಿದ ದಿನ ರಾತ್ರಿ ಊಟ ಸೇರ್ತಿರಲಿಲ್ಲ ಕಣೋ."

"ಸ್ವಲ್ಪ ಹಾಡಿ ತೋರ್ಸಕ್ಕಾ, ನಿಮ್ ಕಾಲಿಗೆ ಬೀಳ್ತೀನಿ."

ಅಕ್ಕ ಕಣ್ಣು ಮುಚ್ಚಿ ಹಾಡಿದಳು. ಎರಡು ಸಾಲಿಗೇ ಹೊರಗಿನಿಂದ ಒಬ್ಬ ಓಡಿ ಬಂದು, "ಆಂಬ್ಯುಲೆನ್ಸ್ ಬಂತಾ ಮೇಡಂ?" ಅಂದ. ಅಕ್ಕ ಬಾಯಿ ಮುಚ್ಚಿಕೊಂಡಳು.

ಸಂಜೆ ನಾಲ್ಕಕ್ಕೆ ಪಾಲಿಶ್ ಮಾಮನ ಅಂಗಡಿ ಸಂತೆಯಾಗಿತ್ತು. ಡ್ರಿಲ್ ಮೇಷ್ಟ್ರು ಗಿಟಾರಿನ ತಲೆಯ ಕಡೆ, ಡ್ರೈವರು ಕಾಲಿನ ಕಡೆ ಕೂತಿದ್ದರು.

"ಮತ್ತೆ ಕಪ್ಪೇ ಹೊಡೀರಿ, ಗಂಭೀರವಾಗಿರುತ್ತೆ," ಎಂದರು ಮೇಷ್ಟ್ರು.

"ಸುಮ್ನಿರೋ, ನಿಂಗೇನ್ ಗೊತ್ತು? ಕೆಂಪಲ್ಲಿ ಇದ್ದಾಗ ಅದ್ರ ಕಳೆ ನೋಡ್ಬೇಕಿತ್ತು," ಎಂದ ಭಾವ.

"ಕೆನೆ ಬಣ್ಣ ಕಣ್ಣಿಗೆ ತಂಪು," ಎಂದು ನರ್ಸಕ್ಕ ಬಂದವಳೇ ನಡುವೆ ಕೂತಳು. ಕೈ ತನ್ನಷ್ಟಕ್ಕೆ ಗಿಟಾರಿನ ಮೈ ಸವರುತ್ತಿತ್ತು. ಮೂವರಿಗೂ ಬಾರಿಸಲು ಬರದು. ಮೂವರೂ ಅದನ್ನು ನೋಡುತ್ತಿದ್ದ ರೀತಿ ಮಾತ್ರ, ರೈಲು ಹೋದ ಮೇಲೂ ಹಳಿ ನೋಡುತ್ತಾ ನಿಂತವರ ಹಾಗಿತ್ತು.

ಪಾಲಿಶ್ ಮಾಮ ಕೆನೆ ಬಣ್ಣದ ಕೊನೆಯ ಪೊರೆ ಎತ್ತಿದ. ಕೆಳಗೆ ಬೆಳ್ಳಿ ಬಣ್ಣ ಮಿಂಚಿತು. ಅರ್ಧಣ್ಣ ಅಲ್ಲೇ ಸ್ಟೂಲಿನ ಮೇಲೆ ಕುಸಿದ.

"ಅದೇ! ಅದೇ ಗಿಟಾರು! ಮಾಮ, ಬೇಗ ರುಚಿ ನೋಡು. ಯಾರು ಹೊಡ್ದಿದ್ದು ಇದನ್ನ?"

ಪಾಲಿಶ್ ಮಾಮ ನೆಕ್ಕಿದ. ಒಮ್ಮೆ ಅರ್ಧಣ್ಣನ ಮುಖ ನೋಡಿದ. ಮತ್ತೊಮ್ಮೆ ನೆಕ್ಕಿದ.

"ಕರೆಂಟ್ ಕಂಬಕ್ಕೆ ಹೊಡೆಯೋ ಬಣ್ಣ," ಅಂದ ನಿಧಾನಕ್ಕೆ. "ನಮ್ ಕಡೆ ಲೈನಿಂದೇ."

"ಹಾಗಾದ್ರೆ ಯಾರೋ ಲೈನ್‌ಮನ್ನು," ಎಂದ ಡ್ರೈವರು.

ನರ್ಸಕ್ಕ ಬಾಯಿಗೆ ಕೈ ಇಟ್ಟುಕೊಂಡಳು. "ನಮ್ ಬೀದಿಲಿ ಲೈನ್‌ಮನ್ ಅಂತ ಇದ್ದಿದ್ದು ಒಬ್ರೇ ಅಲ್ವೇನೋ..."

ಅರ್ಧಣ್ಣನ ಅಪ್ಪ ಮೂವತ್ತೆರಡು ವರ್ಷ ಕಂಬ ಹತ್ತಿ ಇಳಿದವನು. ಆ ಎರಡು ವರ್ಷ ದಿನಾ ಸಂಜೆ ಓವರ್‌ಟೈಮ್ ಎಂದು ಹೋಗುತ್ತಿದ್ದ. ಅಷ್ಟು ಓವರ್‌ಟೈಮ್ ಮಾಡಿದರೂ ಬೀದಿಯಲ್ಲಿ ಒಂದು ಬಲ್ಬೂ ಉರಿಯುತ್ತಿರಲಿಲ್ಲ ಎಂಬುದು ಅರ್ಧಣ್ಣನಿಗೆ ಈಗ ಹೊಳೆಯಿತು. ಸಂಜೆ ಹೊತ್ತು ಅಪ್ಪ ಇಲ್ಲವಲ್ಲ ಎಂಬ ಬೇಜಾರಿಗೇ ತಾನು ಎದ್ದು ಹೋಗಿ ಆ ಕಿಟಕಿಯ ಕೆಳಗೆ ನಿಲ್ಲುತ್ತಿದ್ದುದು ಕೂಡ.

ಪಾಲಿಶ್ ಮಾಮ ಬೆಳ್ಳಿ ಬಣ್ಣವನ್ನು ಹಾಗೇ ಬಿಟ್ಟು, ಬಟ್ಟೆಯಿಂದ ಒರೆಸಿ, ಕತ್ತು ಜೋಡಿಸಿ, ತಂತಿ ಬಿಗಿದು ಕೊಟ್ಟ. ಮೇಷ್ಟ್ರು ಎದ್ದು ನಿಂತು ಅಟೆನ್ಷನ್ ಆದರು.

ಮನೆಯ ಜಗುಲಿಯಲ್ಲಿ ಅಮ್ಮ ಬಟ್ಟೆ ಮಡಿಸುತ್ತಿದ್ದಳು. ಅಪ್ಪ ಪೇಪರಿನ ಹಿಂದೆಯೇ ಇದ್ದ.

"ಅಯ್ಯೋ, ತಲೆಗೇನಾಯ್ತೋ!"

"ಏನಿಲ್ಲಮ್ಮ, ಗಾಯ ಇಲ್ಲ, ಬರೀ ಬ್ಯಾಂಡೇಜು. ಅಮ್ಮಾ, ಎದುರು ಮಹಡಿ ಮೇಲೆ ಯಾರೋ ಗಿಟಾರ್ ಬಾರಿಸ್ತಿದ್ರಲ್ಲ, ನೆನಪಿದ್ಯಾ?"

"ಮರೆಯೋಕಾಗುತ್ತಾ?" ಅಮ್ಮ ಬಟ್ಟೆಯನ್ನು ಕೊಡವಿದ ಸದ್ದಿಗೆ ಅಪ್ಪನ ಪೇಪರು ನಡುಗಿತು. "ನೀನು ಲೆಕ್ಕದಲ್ಲಿ ಫೇಲಾಗಿದ್ದೇ ಆ ಹಾಳಾದೋನಿಂದ! ನಿಮ್ಮಪ್ಪ ಪಾಪ ಸಂಜೆ ಅಂತಿಲ್ಲ, ಕತ್ತಲೆ ಅಂತಿಲ್ಲ, ಕಂಬ ಹತ್ತಿ ಸಾಯ್ತಿದ್ರೆ, ಆ ಸೋಮಾರಿ ಕೂತ್ಕೊಂಡು ಟಿಂಯ್ ಟಿಂಯ್. ಒಂದಿನ ಇದೇ ಜಗುಲಿಲಿ ನಿಂತು ಹೇಳಿದ್ದೆ, ನಾಳೆ ಆ ಸದ್ದು ಕೇಳಿದ್ರೆ ಪೊರಕೆ ತಗೊಂಡು ಮೇಲೆ ಹತ್ತುತ್ತೀನಿ ಅಂತ. ಮಾರನೇ ದಿನದಿಂದ ಬಂದ್! ಈಗ್ಲೂ ಕೈಗೆ ಸಿಕ್ರೆ ಬಿಡಲ್ಲ ಅವನ್ನ. ಅಲ್ವೇನ್ರೀ?"

"ಹೂಂ ಕಣೆ," ಎಂದಿತು ಪೇಪರು.

ಅಮ್ಮ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅಪ್ಪ ಪೇಪರು ಇಳಿಸಿದ. ಬೆಳ್ಳಿ ಗಿಟಾರನ್ನು ಬಹಳ ಹೊತ್ತು ನೋಡಿದ. ಎದ್ದು ಬಂದು ಮುರಿದ ಕೊಂಬಿನ ಮೇಲೆ ಬೆರಳಿಟ್ಟ.

"ಈ ತುಂಡು ಅಂಟಿಸಿದ್ದು ನಾನೇ," ಅಂದ ಪಿಸುದನಿಯಲ್ಲಿ. "ಕಂಬದ ಮೇಲಿಂದ ಅದನ್ನ ಎಲ್ಲೋ ಒಂದು ಕಿಟಕಿಲಿ ಕಂಡಿದ್ದೆ. ಕೊಂಬು ಮುರಿದಿದ್ದಕ್ಕೆ ಬಿಸಾಕೋಕೆ ಇಟ್ಟಿದ್ರು. ಕೇಳ್ಕೊಂಡ್ ಬಂದೆ."

"ಅಪ್ಪಾ, ಹಾಗಾದ್ರೆ ನಾನು ಬಾರಿಸಿದ್ರೆ ಎದ್ದು ಹೋಗ್ತಿದ್ಯಲ್ಲ?"

"ಹೋಗದೆ ಇನ್ನೇನ್ ಮಾಡ್ಲೋ? ಮೂರನೇ ಸ್ವರ ತಪ್ಪಾಗಿ ಬಾರಿಸ್ತೀಯ. ಮೂವತ್ತು ವರ್ಷದಿಂದ ಕಿವಿಗೆ ಮುಳ್ಳು ಚುಚ್ಚಿದಂಗಾಗುತ್ತೆ. ಹೇಳೋಣ ಅಂದ್ರೆ ಹೆಂಗೆ ಗೊತ್ತು ಅಂತ ನಿಮ್ಮಮ್ಮ ಕೇಳ್ತಾಳೆ."

"ಮಿಕ್ಕರ್ಧ ನೆನಪಿದ್ಯಾ ಅಪ್ಪಾ?"

ಅಪ್ಪನ ಎಡಗೈ ಬೆರಳುಗಳು ಗಾಳಿಯಲ್ಲಿ ಒಂದಾದ ಮೇಲೊಂದು ಮಡಚಿ ಬಿಚ್ಚಿದವು.

"ಬಾರಿಸಪ್ಪಾ. ಒಂದೇ ಸಲ."

"ನಿಮ್ಮಮ್ಮ ಅವಳ ತಂಗಿ ಮನೆಗೆ ಹೋಗ್ಲಿ, ಬಾರಿಸ್ತೀನಿ. ಮನೇಲೇ ಇಟ್ಕೊಂಡು ಬಾರಿಸಬಹುದು ಅಂತ ನಾನೂ ಅದಕ್ಕೇ ಕಾಯ್ತಿದ್ದೆ. ನಲವತ್ತು ವರ್ಷದಿಂದ ಒಂದು ರಾತ್ರಿಗೂ ಹೋಗಿಲ್ಲ ಕಣೋ ಅವಳು."

ಅರ್ಧಣ್ಣ ಬ್ಯಾಂಡೇಜು ಸರಿಮಾಡಿಕೊಂಡು ನೆಟ್ಟಗೆ ಅಡುಗೆಮನೆಗೆ ಹೋದ. "ಅಮ್ಮಾ, ಎಷ್ಟು ವರ್ಷ ಆಯ್ತು ನೀನು ಚಿಕ್ಕಮ್ಮನ್ನ ನೋಡಿ! ಹೋಗಿ ಒಂದು ವಾರ ಇದ್ದು ಬಾ. ಮನೆ ನಾನು ನೋಡ್ಕೋತೀನಿ."

ಅಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಕಣ್ಣು ತುಂಬಿ ಬಂತು.

"ಈ ಮಾತು ಯಾರಾದ್ರೂ ಒಬ್ರು ಹೇಳ್ಲಿ ಅಂತ ಎಷ್ಟು ವರ್ಷದಿಂದ ಕಾಯ್ತಿದ್ದೆ ಗೊತ್ತೇನೋ? ನಾನಾಗಿ ಕೇಳಿದ್ರೆ ಸಂಸಾರ ಬಿಟ್ಟು ಹೊರಟಳು ಅಂತೀರ ಅಂತ ಸುಮ್ನಿದ್ದೆ. ಒಂದು ವಾರ ಯಾಕೆ, ಒಂದು ತಿಂಗಳು ಇದ್ದು ಬರ್ತೀನಿ!"

ಜಗುಲಿಯಲ್ಲಿ ಅಪ್ಪ ಮಗನ ಕೈಯನ್ನು ಗಟ್ಟಿಯಾಗಿ ಹಿಸುಕಿದ. ಅರ್ಧಣ್ಣ ಗಿಟಾರಿನ ಶ್ರುತಿ ಸರಿಮಾಡತೊಡಗಿದ. ಅಮ್ಮ ಹತ್ತೇ ನಿಮಿಷದಲ್ಲಿ ಸೀರೆ ಬದಲಾಯಿಸಿ ಬ್ಯಾಗು ಹಿಡಿದು ಬಂದಳು. ಒಂದಲ್ಲ, ಎರಡು ಬ್ಯಾಗು.

"ಏಳ್ರೀ," ಅಂದಳು. "ನಿಮ್ದೂ ನಾಲ್ಕು ಜೊತೆ ಬಟ್ಟೆ ಇಟ್ಟಿದ್ದೀನಿ."

"ನಾನ್ಯಾಕೇ?" ಎಂದ ಅಪ್ಪ. ದನಿ ಹೊರಗೆ ಬರಲಿಲ್ಲ, ಬರೀ ಗಾಳಿ ಬಂತು.

"ಇನ್ನೇನು, ನಿಮ್ಮನ್ನ ಬಿಟ್ಟು ಹೋಗ್ಲಾ? ಜೀವಮಾನ ಪೂರ್ತಿ ಓವರ್‌ಟೈಮ್ ಅಂತ ಒಂದು ಸಂಜೆನೂ ನನ್ ಜೊತೆ ಕೂರ್ಲಿಲ್ಲ ನೀವು. ಈ ತಿಂಗಳು ಬಿಡೋದಿಲ್ಲ."

ಬಸ್ ಸ್ಟ್ಯಾಂಡಿನವರೆಗೂ ಅರ್ಧಣ್ಣ ಎರಡು ಬ್ಯಾಗು ಹೊತ್ತು ನಡೆದ. ಅಪ್ಪನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅಮ್ಮ ಟಿಕೆಟಿಗಾಗಿ ಕಂಡಕ್ಟರನ ಕಡೆ ತಿರುಗಿದ್ದೇ ಸಮಯ ಎಂದು ಅಪ್ಪ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಮಗನ ಕಿವಿಯ ಹತ್ತಿರ ಬಾಯಿ ತಂದು, ಮೆಲ್ಲಗೆ ರಾಗ ಎತ್ತಿಕೊಂಡ. ಮೂರನೇ ಸ್ವರ ಸರಿಯಾಗಿ ಬಿತ್ತು. ರಾಗ ಒಂದೊಂದೇ ಹೆಜ್ಜೆ ಮುಂದೆ ಬಂತು. ಇನ್ನೊಂದೇ ಹೆಜ್ಜೆ ಇಟ್ಟರೆ ಮಿಕ್ಕರ್ಧ.

"ಏನ್ರೀ ಅದು ಗೊಣಗಾಟ? ತಣ್ಣನೆ ಗಾಳಿ, ಕೆಮ್ಮು ಬರುತ್ತೆ," ಎಂದು ಅಮ್ಮ ಅಪ್ಪನನ್ನು ಒಳಗೆಳೆದು 'ಟಪ್' ಅಂತ ಗಾಜು ಮುಚ್ಚಿದಳು.

ಬಸ್ಸು ಹೊರಟಿತು. ಗಾಜಿನ ಹಿಂದೆ ಅಪ್ಪನ ತುಟಿ ಆಡುತ್ತಲೇ ಇತ್ತು.